ಟೈಲ್ಸ್ ಲೆಕ್ಕದ ಯಜಮಾನ

ಮನೆ ಕಟ್ಟಿಸುವವರಲ್ಲಿ ಟೈಲ್ಸ್ ಲೆಕ್ಕದ ಯಜಮಾನನದು ಒಂದು ಪ್ರತ್ಯೇಕ ಜಾತಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಈತ ಹೇರಳ. ಪಾಯದಿಂದ ತಾರಸಿಯವರೆಗೆ ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ನೆಲದ ಸರದಿ ಬಂದಾಗ ಮಾತ್ರ ಗಣಿತಜ್ಞನಾಗುವುದು ಇವನ ಮುಖ್ಯ ಲಕ್ಷಣ. ಗೋಡೆಯೊಳಗೆ ಹೋದ ಸಿಮೆಂಟನ್ನು ಎಣಿಸಲಾಗದು, ಟೈಲ್ಸನ್ನು ಎಣಿಸಬಹುದು.

ಸಲಕರಣೆಗಳು: ಟೇಪು, ಮೊಬೈಲು, ಯಾರದೋ ಲಗ್ನಪತ್ರಿಕೆಯ ಹಿಂಬದಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಇಂಜಿನಿಯರಿಂಗ್ ಓದುವ ಮಗ. ಮಗ ತುದಿ ಹಿಡಿಯಬಹುದು, ಬಾಯಿ ಹಾಕುವಂತಿಲ್ಲ.

ಲೆಕ್ಕದ ಕ್ರಮ ಸರಳ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಒಟ್ಟು 120 ಚದರಡಿ. 2 ಅಡಿ ಚೌಕದ ಟೈಲ್ಸಿಗೆ 4 ಚದರಡಿ, ಬೇಕಾದದ್ದು 30. ಬಾಕ್ಸಿಗೆ 4ರಂತೆ ಏಳೂವರೆ ಬಾಕ್ಸ್. ಅರ್ಧ ಬಾಕ್ಸ್ ಕೊಡಲು ಒಪ್ಪದ ಅಂಗಡಿಯವನೊಂದಿಗೆ ವಾದಿಸಿ, ಎಂಟು ತರುತ್ತಾನೆ. ಎರಡು ದಂಡವಾಯಿತೆಂಬ ಕೊರಗು ಗೃಹಪ್ರವೇಶದವರೆಗೂ ಇರುತ್ತದೆ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಎರಡಡಿಯೆಂದು ಮಾರುವ ಟೈಲ್ಸಿನ ಅಳತೆ 600 ಮಿಲಿಮೀಟರ್, ಎರಡಡಿಯೆಂದರೆ 609.6. ಆರು ಟೈಲ್ಸ್ ಸಾಲಾಗಿ ಕೂರಿಸಿ ನಡುವಿನ ಸಂದು ಸೇರಿಸಿದರೂ, ಗೋಡೆಯ ಬಳಿ ಒಂದೂವರೆ ಇಂಚಿಗಿಂತ ಹೆಚ್ಚು ನೆಲ ಬರಿದಾಗಿ ಉಳಿಯುತ್ತದೆ. ಪಕ್ಕದ ಗೋಡೆಯಲ್ಲೂ ಇದೇ ಕಥೆ. ಮೇಸ್ತ್ರಿ ಮೂಲೆಮಟ್ಟ ಇಟ್ಟು, ದಾರ ಎಳೆದು ನೋಡಿದಾಗ ಕೋಣೆ ಒಂದು ತುದಿಯಲ್ಲಿ 10 ಅಡಿ, ಇನ್ನೊಂದು ತುದಿಯಲ್ಲಿ 10 ಅಡಿ 2 ಇಂಚು. “ಲೆಕ್ಕ ಸರಿ ಐತ್ರಿ ಯಜಮಾನ್ರೇ, ಗ್ವಾಡೆ ತಪ್ಪೈತಿ” ಎನ್ನುತ್ತಾನೆ, ಆ ಗೋಡೆ ಕಟ್ಟಿದವನೂ ತಾನೇ ಎಂಬುದನ್ನು ಮರೆತು.

ಮೇಸ್ತ್ರಿಯ ಲೆಕ್ಕ ಬೇರೆ. ಇಡಿಯಾಗಿ ಕೂರುವವು 30; ಎರಡು ಅಂಚಿನ ಪಟ್ಟಿಗೆ 2; ಬಾಗಿಲ 3 ಅಡಿ ಬಿಟ್ಟು, ಸುತ್ತಲಿನ 41 ಅಡಿಗೆ ನಾಲ್ಕಿಂಚಿನ ಸ್ಕರ್ಟಿಂಗ್ ಕತ್ತರಿಸಲು 5; ಒಡೆಯುವುದಕ್ಕೆ ನೂರಕ್ಕೆ ಹತ್ತರಂತೆ 3. ಒಟ್ಟು 40, ಅಂದರೆ 10 ಬಾಕ್ಸ್. ಯಜಮಾನ ಅಳೆಯುವುದು ಕೋಣೆಯ ನಡುವನ್ನು, ಮೇಸ್ತ್ರಿ ಅಳೆಯುವುದು ಅಂಚನ್ನು. ಜಗಳವೆಲ್ಲ ಅಂಚಿನದೇ.

ಊರಿಗೆ ತಕ್ಕಂತೆ ಒಳಭೇದಗಳಿವೆ. ಚನ್ನಗಿರಿಯವನು ಬಾಕ್ಸಿನ ಬೆಲೆಯನ್ನು ಅಡಿಕೆಗೆ ತಿರುಗಿಸಿಯೇ ಮಾತಾಡುವುದು. ರಾಶಿ ಅಡಿಕೆಯ ಧಾರಣೆ ಏರಲಿ ಎಂದು ಎರಡು ಕೊಯ್ಲು ಸಿಮೆಂಟು ನೆಲದ ಮೇಲೇ ಕಳೆಯುತ್ತಾನೆ. ಹೊನ್ನಾಳಿಯವನು 1997ರಲ್ಲೇ ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿದ್ದರೂ ಎರಡೂ ಊರಿನ ಅಂಗಡಿಗಳಲ್ಲಿ ದರ ಕೇಳಿ, ಉಳಿಸಿದ್ದನ್ನು ಬಸ್ಸಿಗೆ ಕೊಡುತ್ತಾನೆ. ನ್ಯಾಮತಿಯವನು ಹೊನ್ನಾಳಿಯಿಂದ ಬೇರೆಯಾಗಿ ಸ್ವಂತ ತಾಲ್ಲೂಕು ಪಡೆದವನು; ಹೊನ್ನಾಳಿಯ ಬೀಗರು ಹೇಳಿದ ಸಂಖ್ಯೆ ಸರಿಯಿದ್ದರೂ ಒಪ್ಪದೆ ಮತ್ತೊಮ್ಮೆ ಅಳೆಯುತ್ತಾನೆ. ಜಗಳೂರಿನವನು ಮಳೆ, ಬೋರ್‌ವೆಲ್, ಈರುಳ್ಳಿ ಧಾರಣೆ ಮೂರರಲ್ಲೂ ಅಂದಾಜು ಕೈಕೊಟ್ಟದ್ದನ್ನು ಕಂಡವನು. ಯಾವ ಲೆಕ್ಕವನ್ನೂ ನಂಬದೆ ಹನ್ನೆರಡು ಬಾಕ್ಸ್ ತರುವ ಇವನೊಬ್ಬನಿಗೇ ಟೈಲ್ಸ್ ಕಡಿಮೆ ಬೀಳುವುದಿಲ್ಲ.

ಉಳಿದ ಮೂವರೂ ಎರಡನೆಯ ಸಲ ಅಂಗಡಿಗೆ ಹೋಗುತ್ತಾರೆ. ಅಷ್ಟರಲ್ಲಿ ಆ ಬ್ಯಾಚ್ ಖಾಲಿ. ಹೆಸರು ಅದೇ, ನಂಬರ್ ಅದೇ, ಬಣ್ಣ ಮಾತ್ರ ಒಂದು ಗುಲಗಂಜಿಯಷ್ಟು ಬೇರೆ. ಹೊಸ ಟೈಲ್ಸ್ ಬೀಳುವ ಮೂಲೆಗೆ ಮಂಚ ಹೋಗುತ್ತದೆ. ವಾಸ್ತು ಪ್ರಕಾರ ಮಂಚ ಅಲ್ಲೇ ಇರಬೇಕೆಂದು ಬಂದವರಿಗೆ ವಿವರಣೆ ಸಿಗುತ್ತದೆ. ಮಿಕ್ಕ ತುಂಡುಗಳು ಬಚ್ಚಲು, ತುಳಸಿಕಟ್ಟೆ, ದನದ ಕೊಟ್ಟಿಗೆಗೆ ಹಂಚಿಹೋಗುತ್ತವೆ. ಮುಂದೆ ಒಂದು ಟೈಲ್ಸ್ ಬಿರುಕು ಬಿಟ್ಟರೆ ಹಾಕಲು ನಾಲ್ಕನ್ನಾದರೂ ಅಟ್ಟದಲ್ಲಿ ಎತ್ತಿಡಬೇಕೆಂಬುದು ಆಗ ಹೊಳೆಯುತ್ತದೆ.

ಗೃಹಪ್ರವೇಶ ಮುಗಿದ ಮೇಲೆ ಯಜಮಾನನಿಗೆ ಓಣಿಯಲ್ಲಿ ಪುಕ್ಕಟೆ ಸಲಹೆಗಾರನ ಪಟ್ಟ. ಪಕ್ಕದ ಮನೆಯವರು ಟೇಪು ಹಿಡಿದು ನಿಂತಾಗ ಮೊದಲು ಬಾಯಿ ಬಿಡುವವನು ಅವನೇ: “ಹನ್ನೆರಡು ಹತ್ತಾ? ಎಂಟು ಬಾಕ್ಸ್ ಸಾಕು!”