ನನ್ನ ಪಾಲಿನ ಹದಿನೇಳು ಮೀನು

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಾರು ವರ್ಷ ಊರವರ ಹಣ ಎಣಿಸಿ ನಿವೃತ್ತನಾದ ನನಗೆ ಎರಡು ತೊಂದರೆ ಅಂಟಿಕೊಂಡವು. ಒಂದು ಮಂಡಿನೋವು. ಇನ್ನೊಂದು, ಯಾರಿಗಾದರೂ ಏನನ್ನಾದರೂ ಕಲಿಸಬೇಕೆಂಬ ಚಪಲ. ಮಂಡಿಗೆ ಕಾರವಾರದ ಪೇಟೆಯಲ್ಲಿ ಎಣ್ಣೆ ಸಿಕ್ಕಿತು. ಚಪಲಕ್ಕೆ ಮದ್ದು ಸಿಕ್ಕಿದ್ದು ಕಾಳಿ ನದಿ ಕಡಲು ಸೇರುವ ಕೋಡಿಬಾಗದಲ್ಲಿ, ಹಲ್ಲಿಲ್ಲದ ಒಬ್ಬ ಅಜ್ಜನಿಂದ.

ಮೇ ತಿಂಗಳ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಪ್ರಕಟಣೆ ಓದಿದರು. ಮಳೆಗಾಲದಲ್ಲಿ ಪ್ರತಿ ಬುಧವಾರ ಸಂಜೆ ನಮ್ಮ ವಾಡೆಯ, ಅಂದರೆ ಕೇರಿಯ, ದೊಡ್ಡವರಿಗೆ ಬೈಬಲ್ ಅಭ್ಯಾಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಡಸರು ಬಲೆ ಹೊಲಿಯುತ್ತ ಮನೆಯಲ್ಲೇ ಇರುತ್ತಾರೆ, ಅದರಲ್ಲಿ ವಾರಕ್ಕೊಂದು ಗಂಟೆ ದೇವರಿಗೂ ಸಿಗಲಿ ಎಂಬ ಲೆಕ್ಕ. "ನಡೆಸಿಕೊಡಲು ಯಾರಾದರೂ..." ಎನ್ನುವಷ್ಟರಲ್ಲಿ ನನ್ನ ಕೈ ಮೇಲೆದ್ದಿತ್ತು. ಹಿಂದಿನ ಬೆಂಚಿನಲ್ಲಿ ಹೆಂಡತಿ ಕೆಮ್ಮಿದಳು. ಅವಳಿಗೆ ನೆಗಡಿ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಜುಲೈನಲ್ಲಿ.

ನಮ್ಮಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಇದೆ. ಪೋರ್ಚುಗೀಸರ 'ದೌತ್ರಿನಾ' ಕೊಂಕಣಿ ಬಾಯಲ್ಲಿ ಸವೆದು ಆದ ಮಾತು ಅದು. ಇಂಗ್ಲೆಂಡಿನಿಂದ ಗೋವೆಗೆ ಬಂದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ದೊತೊರ್ನ್ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ದೊಡ್ಡವರನ್ನೂ ಆತ ಮರೆತಿರಲಿಲ್ಲ. ಪುರಾಣ ಕೇಳಿ ಪಳಗಿದ ಕಿವಿಗಳಿಗೆಂದು ಕ್ರಿಸ್ತನ ಕತೆಯನ್ನು ಓವಿಗಳಲ್ಲಿ ಕಟ್ಟಿ, 1616ರಲ್ಲೇ 'ಕ್ರಿಸ್ತಪುರಾಣ' ಕೊಟ್ಟಿದ್ದ. ಅಂದರೆ ಕೇಳುವವರು ಯಾರೆಂದು ನೋಡಿ ಪಾಠ ಮಾಡಬೇಕೆಂಬ ಬುದ್ಧಿ ಕಾಳಿ ಸೇತುವೆಯ ಆಚೆ ಗೋವೆಯಲ್ಲಿ ನಾನೂರು ವರ್ಷದ ಹಿಂದೆಯೇ ಇತ್ತು. ಸೇತುವೆಯ ಈಚೆ ನಾನಿದ್ದೆ.

ಮೊದಲ ಬುಧವಾರ ಹನ್ನೊಂದು ಜನ ಬಂದರು. ಬೈಬಲ್ ಎಲ್ಲ ವಿಶ್ವಾಸಿಗಳ ಕೈಗೂ ಸುಲಭವಾಗಿ ಸಿಗಬೇಕೆಂದು ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದೆ ಎಂದು ಗಂಭೀರವಾಗಿ ಶುರುಮಾಡಿದೆ. ಸಿಕ್ಕಿತ್ತು, ಆದರೆ ಒಂದೊಂದು ಕೈಗೆ ಒಂದೊಂದು. "ಯೊವಾನ್ನ ತೆಗೆಯಿರಿ" ಎಂದೆ. ಕೊಂಕಣಿ ಪುಸ್ತಕದವರು "ನಮ್ಮಲ್ಲಿ ಜುವಾಂವ್ ಇದ್ದಾನೆ" ಎಂದರು. ಹುಬ್ಬಳ್ಳಿಯಿಂದ ಬಂದ ಸೊಸೆ ತವರಿನಿಂದ ತಂದ ಪ್ರೊಟೆಸ್ಟಂಟರ ಸತ್ಯವೇದದಲ್ಲಿ ಯೋಹಾನನಿದ್ದ. ಮೊಬೈಲಿನಲ್ಲಿ ಬೈಬಲ್ ತೆರೆದಿದ್ದ ಹುಡುಗನ ಬಳಿ ಜಾನ್. ನಾಲ್ವರೂ ಒಬ್ಬನೇ ಎಂದು ಒಪ್ಪಿಸಲು ಇಪ್ಪತ್ತು ನಿಮಿಷ ಹೋಯಿತು. "ನನ್ನದರಲ್ಲಿ 66 ಪುಸ್ತಕ, ಇವರದರಲ್ಲಿ 73. ಉಳಿದ ಏಳು ಎಲ್ಲಿ ಹೋದವು ಸರ್?" ಎಂದು ಸೊಸೆ ಕೇಳಿದಳು. ನಗದು ತಾಳೆಯಾಗದ ಸಂಜೆ ಮ್ಯಾನೇಜರ್ ಹೀಗೆಯೇ ಕೇಳುತ್ತಿದ್ದರು. ಒಬ್ಬ ಬಾಯಿ (ಹೆಂಗಸರಿಗೆ ನಮ್ಮ ಕಡೆಯ ಗೌರವದ ಮಾತು) ಕೊನೆಯವರೆಗೂ ಹಾಳೆ ತಿರುವುತ್ತಲೇ ಇದ್ದರು. ಆಮೇಲೆ ನೋಡಿದರೆ ಅದು ಹಾಡಿನ ಪುಸ್ತಕ.

ಎರಡನೆಯ ವಾರ ಇಬ್ಬರು ತೂಕಡಿಸಿದರು. ಅವರನ್ನು ಎಚ್ಚರಿಸಲು ಯೂತಿಖನ ಕತೆ ಹೇಳಿದೆ. ಪೌಲ ಮಧ್ಯರಾತ್ರಿಯವರೆಗೆ ಉಪದೇಶ ಮಾಡುತ್ತಿದ್ದಾಗ ಕಿಟಕಿಯಲ್ಲಿ ಕೂತಿದ್ದ ಈ ತರುಣ ನಿದ್ದೆಹೋಗಿ ಮೂರನೆಯ ಮಾಳಿಗೆಯಿಂದ ಕೆಳಗೆ ಬಿದ್ದ. ಎತ್ತಿದಾಗ ಸತ್ತಿದ್ದ, ಪೌಲ ಅವನನ್ನು ಬದುಕಿಸಿದ. "ನೋಡಿದಿರಾ, ದೇವರ ವಾಕ್ಯದ ಮುಂದೆ ನಿದ್ದೆ ಮಾಡಬಾರದು" ಎಂದೆ. ಮೂಲೆಯಲ್ಲಿದ್ದ ಅಜ್ಜ, ಐವತ್ತು ವರ್ಷ ಯೆಂಡಿ ಬಲೆ ಎಳೆದವರು, ಕಣ್ಣು ಮುಚ್ಚಿಕೊಂಡೇ ಹೇಳಿದರು: "ಅಷ್ಟು ಉದ್ದ ಮಾತಾಡಬಾರದು ಅಂತಲೂ ಇರಬಹುದು."

ಇವರನ್ನು ಬೆರಗುಗೊಳಿಸದೆ ಬಿಡುವುದಿಲ್ಲ ಎಂದು ಅಂದೇ ಹಟ ತೊಟ್ಟೆ. ಮೀನುಗಾರರಿಗೆ ಮೀನಿನ ಪಾಠವೇ ಸರಿಯೆಂದು ಯೊವಾನ್ನನ 21ನೆಯ ಅಧ್ಯಾಯ ಆರಿಸಿಕೊಂಡೆ. ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿದರೂ ಬರಿಗೈ. ಬೆಳಗಾದಾಗ ಪುನರುತ್ಥಾನನಾದ ಯೇಸು ದಡದಲ್ಲಿ ನಿಂತು, ದೋಣಿಯ ಬಲಗಡೆ ಬಲೆ ಹಾಕಿ ಎನ್ನುತ್ತಾನೆ. ಸಿಕ್ಕಿದ್ದು 153 ದೊಡ್ಡ ಮೀನು. ಈ 153ರ ಬಗ್ಗೆ ಒಂದು ವಾರ ಓದಿದೆ. ಜಗತ್ತಿನಲ್ಲಿರುವುದು 153 ಜಾತಿಯ ಮೀನು ಎಂಬ ಮಾತನ್ನು ಸಂತ ಜೆರೋಮ್ ಎತ್ತಿಕೊಂಡ. ಒಂದರಿಂದ ಹದಿನೇಳರವರೆಗೆ ಕೂಡಿದರೆ 153, ಹತ್ತು ಕಟ್ಟಳೆಗೆ ಪವಿತ್ರಾತ್ಮನ ಏಳು ವರ ಸೇರಿದರೆ ಹದಿನೇಳು ಎಂದು ಸಂತ ಅಗಸ್ಟೀನ್ ಬಿಡಿಸಿಟ್ಟ. ಅಂಕೆ ಕಂಡರೆ ಬ್ಯಾಂಕಿನವನ ರಕ್ತ ಕುದಿಯದಿರುತ್ತದೆಯೇ?

ಬುಧವಾರ ಧೋ ಮಳೆ. ಕರೆಂಟು ಇಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ದೊತೊರ್ನ್ ಮಕ್ಕಳ ಕರಿಹಲಗೆಯ ಮೇಲೆ ಚುಕ್ಕೆಗಳ ತ್ರಿಕೋನ ಶುರುಮಾಡಿದೆ. ಮೇಲಿನ ಸಾಲಿಗೆ ಒಂದು, ಕೆಳಗೆ ಎರಡು, ಅದರ ಕೆಳಗೆ ಮೂರು. ಸೀಮೆಸುಣ್ಣಕ್ಕೆ ಥಂಡಿ ಹಿಡಿದಿತ್ತು. ಹದಿಮೂರನೆಯ ಸಾಲಿಗೆ ಹಲಗೆ ಮುಗಿಯಿತು. ಉಳಿದ ನಾಲ್ಕು ಸಾಲು ಗಾಳಿಯಲ್ಲಿವೆ ಎಂದು ತಿಳಿದುಕೊಳ್ಳಿ ಎಂದೆ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಬಾಯಿ ಕಣ್ಣು ಕಿರಿದಾಗಿಸಿ ನೋಡಿ, "ಒಣಗಲು ಹರವಿದ ತಾರ್ಲಿ ಮೀನಿನ ಹಾಗೆ ಕಾಣುತ್ತದೆ" ಎಂದರು. ಬೆರಗು ಅಷ್ಟಕ್ಕೇ ನಿಂತಿತು.

ಆಮೇಲೆ ಪ್ರಶ್ನೆಗಳು ಶುರುವಾದವು.

"ಯಾವ ಮೀನು ಸರ್? ಬಂಗಡೆಯಾ, ಇಸ್ವಣವಾ?"

ತಿಬೇರಿಯ ಸಮುದ್ರವೆಂದು ಹೆಸರಾದರೂ ಅದು 21 ಕಿಲೋಮೀಟರ್ ಉದ್ದದ ಸಿಹಿನೀರಿನ ಸರೋವರ; ಅಲ್ಲಿ ಸಂತ ಪೇತ್ರರ ಮೀನು ಎಂದು ಹೆಸರುವಾಸಿಯಾದದ್ದು ತಿಲಾಪಿಯಾ ಎಂದು ಹೇಳಿ ನಾನೇ ಹಳ್ಳ ತೋಡಿಕೊಂಡೆ. ಕೋಣೆಯಲ್ಲಿ ಸೂತಕ ಕವಿಯಿತು. ನೊಗ್ಲಿ, ಶೆಟ್ಲಿ, ಇಸ್ವಣ ತಿಂದು ಬೆಳೆದ ಜನ. ಸಭೆಗೆಲ್ಲ ಹಿರಿಯನಾದ ಪೇತ್ರ ಕೆರೆಮೀನು ಹಿಡಿಯುತ್ತಿದ್ದನೆಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಐದು ನಿಮಿಷ ಬೇಕಾಯಿತು.

"ಪೇತ್ರ ನೀರಿಗೆ ಹಾರುವ ಮೊದಲು ಅಂಗಿ ಹಾಕಿಕೊಂಡ ಅಂತಿದೆಯಲ್ಲ, ನೀರಿಗಿಳಿಯುವಾಗ ಬಟ್ಟೆ ತೆಗೆಯುತ್ತಾರಲ್ಲವಾ?" ಎಂದ ಮೊಬೈಲ್ ಹುಡುಗ. ನಾನು ನನ್ನ ಟಿಪ್ಪಣಿ ಹುಡುಕಿದೆ. ಅಂಗಿಯ ಬಗ್ಗೆ ಏನೂ ಬರೆದುಕೊಂಡಿರಲಿಲ್ಲ. ಅಜ್ಜನೇ ಉತ್ತರಿಸಿದರು: "ನಾವು ಕಾಚ ಉಟ್ಟು ಬಲೆ ಎಳೆಯುವಾಗ ದಡಕ್ಕೆ ಫಾದರ್ ಬಂದರೆ ಮೊದಲು ಏನು ಹುಡುಕುತ್ತೇವೆ? ಅಂಗಿ. ಅದೂ ಯಾರನ್ನು ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ್ದನೋ ಅವರೇ ಬಂದು ನಿಂತರೆ?"

ನಾನು ಸೀಮೆಸುಣ್ಣ ಕೆಳಗಿಟ್ಟೆ.

ಅಜ್ಜ ಬಿಡಲಿಲ್ಲ. "ಬಲಗಡೆ ಹಾಕಿ ಅಂದದ್ದು ಸರಿಯೇ. ಮೀನು ಬಂದರೆ ನೀರಿನ ಬಣ್ಣ ತಿರುಗುತ್ತದೆ. ದೋಣಿಯಲ್ಲಿದ್ದವನಿಗೆ ಕಾಣುವುದಿಲ್ಲ, ದಡದಲ್ಲಿ ನಿಂತವನಿಗೆ ಕಾಣುತ್ತದೆ. ನಮ್ಮಲ್ಲೂ ಒಬ್ಬ ನಿಂತು ಬಟ್ಟೆ ಬೀಸುತ್ತಿದ್ದ."

"ಹಾಗಾದರೆ ಪವಾಡ ಅಲ್ಲವಾ?" ಎಂದು ನಾನು ಗಾಬರಿಯಾದೆ. ಫಾದರಿಗೆ ಏನು ಹೇಳಲಿ?

ಮೀನಿನ ಬಾಯಿ ನನ್ನನ್ನು ಕರುಣೆಯಿಂದ ನೋಡಿದರು. "ನೋಡಲಿಕ್ಕೆ ಅಲ್ಲಿ ಮೀನು ಇರಬೇಕಲ್ಲ ಸರ್, ಅದೇ ಪವಾಡ. ಈಗ ಬಟ್ಟೆ ಬೀಸುವವರು ಬೇಕಾದಷ್ಟು ಇದ್ದಾರೆ, ತಾರ್ಲಿ ಎಲ್ಲಿದೆ?"

ಕೊನೆಗೆ ಅಜ್ಜ ಹಲಗೆಯತ್ತ ಬೆರಳು ಮಾಡಿದರು. "ಆ ನೂರೈವತ್ಮೂರು. ದೋಣಿಯಲ್ಲಿ ಎಷ್ಟು ಜನ?"

ಎರಡನೆಯ ವಾಕ್ಯ ಓದಿದೆ. ಪೇತ್ರ, ತೋಮ, ನತಾನಯೇಲ, ಜೆಬೆದಾಯನ ಇಬ್ಬರು ಮಕ್ಕಳು, ಹೆಸರು ಹೇಳದ ಇನ್ನಿಬ್ಬರು. ಏಳು.

"ತಲೆಗೊಂದು ವಾಂಟೊ, ಅಂದರೆ ಪಾಲು. ದೋಣಿಗೊಂದು, ಬಲೆಗೊಂದು. ಒಂಬತ್ತಾಯಿತು. ಈಗ ಭಾಗಿಸಿ."

ಭಾಗಿಸಿದೆ. ತಲಾ ಹದಿನೇಳು. ಶೇಷ ಸೊನ್ನೆ. ನನ್ನ ತ್ರಿಕೋನದ ಕೊನೆಯ ಸಾಲಿನಲ್ಲಿ ನಿಲ್ಲಬೇಕಿದ್ದ, ಹಲಗೆ ಸಾಲದೆ ಗಾಳಿಗೆ ಬಿಟ್ಟಿದ್ದ ಅದೇ ಹದಿನೇಳು! ಹಾಗೆಂದು ಯಾವ ಸಂತನೂ ಬರೆದದ್ದನ್ನು ನಾನು ಓದಿರಲಿಲ್ಲ. "ಹಂಚುವುದಕ್ಕಲ್ಲದೆ ಯಾರಾದರೂ ಮೀನು ಎಣಿಸುತ್ತಾರಾ ಸರ್?" ಎಂದು ಅಜ್ಜ ಕೇಳಿದರು. ಮೂವತ್ತಾರು ವರ್ಷ ಎಣಿಸಿದವನು ನಾನು. ಎಣಿಸುವುದು ತಾಳೆಯಾಗಲಿಕ್ಕೆ ಎಂದೇ ನಂಬಿದ್ದೆ.

2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮ ಕಾಳಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತ್ತು. ಅದರ ಚಾಲಕ ಬದುಕಿಬಂದ. ನನ್ನ ಪಾಂಡಿತ್ಯ ಬಿದ್ದಾಗ ಎತ್ತಲು ಯಾರೂ ಇಳಿಯಲಿಲ್ಲ. ಸಾಲದ್ದಕ್ಕೆ ಮೀನಿನ ಬಾಯಿ ಮೇಲಿಂದ ಇನ್ನೊಂದು ಕಲ್ಲು ಎಸೆದರು: "ಇವರು ದಡಕ್ಕೆ ಬರುವ ಮೊದಲೇ ಯೇಸು ಕೆಂಡದ ಮೇಲೆ ಮೀನು ಸುಡುತ್ತಿದ್ದನಲ್ಲ, ಅದು ಯಾರ ವಾಂಟೊ?"

"ಮುಂದಿನ ವಾರ ಹೇಳುತ್ತೇನೆ" ಎಂದೆ.

ಮುಂದಿನ ವಾರ ಅಜ್ಜನೇ ಪಾಠ ಮಾಡಲಿ ಎಂದು ವಾಡೆಯವರು ತೀರ್ಮಾನಿಸಿದರು. ನನಗೆ ವಾಕ್ಯ ಓದುವ ಕೆಲಸ ಉಳಿಯಿತು. ಅಜ್ಜನಿಗೆ ಓದು ಬಾರದು. ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗ. ಯೇಸು ದೋಣಿಯ ಹಿಂಬದಿಯಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದನೆಂದು ಓದಿ ಕೂತೆ. ಅಜ್ಜ ಗಾಳಿಯ ಹೆಸರು, ಅಲೆಯ ಗುಣ ಒಂದೊಂದಾಗಿ ಹೇಳತೊಡಗಿದರು. ಹೊರಗೆ ಮಳೆಯ ಜೋಗುಳ. ಪ್ಲಾಸ್ಟಿಕ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದ್ದಷ್ಟೇ ನೆನಪು. ಆಮೇಲೆ ಫಟ್ ಎಂಬ ಸದ್ದು, ನಾನು ನೆಲದ ಮೇಲೆ, ಕುರ್ಚಿಯ ಹಿಂಗಾಲು ಎರಡು ತುಂಡು. ಸುತ್ತ ಹನ್ನೊಂದು ಮುಖ.

"ಯೂತಿಖ!" ಎಂದ ಮೊಬೈಲ್ ಹುಡುಗ. ನಾನು ಕಲಿಸಿದ್ದರಲ್ಲಿ ಅವರಿಗೆ ನೆನಪಿದ್ದದ್ದು ಅದೊಂದೇ. ಎತ್ತಲು ಬಂದ ಅಜ್ಜ, "ಇವರು ಉಸಿರಾಡುತ್ತಿದ್ದಾರೆ, ಪೌಲ ಬೇಕಾಗಿಲ್ಲ" ಎಂದರು.

ಆಗಸ್ಟಿನಲ್ಲಿ ದೋಣಿಗಳು ಇಳಿದವು. ಒಂದು ಬೆಳಿಗ್ಗೆ ಬಾಗಿಲಲ್ಲಿ ಅಜ್ಜನ ಮೊಮ್ಮಗ, ಕೈಯಲ್ಲಿ ಚೀಲ. ಒಳಗೆ ಬಂಗಡೆ, ಇನ್ನೂ ಕಣ್ಣು ಹೊಳೆಯುತ್ತಿತ್ತು. "ಅಜ್ಜ ಕೊಟ್ಟರು. ನಿಮ್ಮ ವಾಂಟೊ, ಹದಿನೇಳು."

"ನಾನು ದೋಣಿ ಹತ್ತಲಿಲ್ಲ, ಬಲೆ ಎಳೆಯಲಿಲ್ಲ, ನನಗೆಂಥ ವಾಂಟೊ?" ಎಂದೆ. ಹೇಳುತ್ತಿದ್ದಂತೆ, ಮೀನಿನ ಬಾಯಿಗೆ ಬಾಕಿ ಉಳಿಸಿಕೊಂಡಿದ್ದ ಉತ್ತರ ಚೀಲದೊಳಗಿನಿಂದ ನನ್ನನ್ನೇ ನೋಡುತ್ತಿದೆ ಅನ್ನಿಸಿತು.

ಹುಡುಗ ಹೋದ ಮೇಲೆ ಹಳೇ ಚಟ ಬಿಡದೆ ಅಡುಗೆಮನೆಯಲ್ಲಿ ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ. ಹದಿನಾರೇ. ಮುಂದಿನ ಬುಧವಾರ ಅಜ್ಜನ ಕಿವಿಯಲ್ಲಿ, ಹುಡುಗ ದಾರಿಯಲ್ಲಿ ಎಲ್ಲೋ ಒಂದು ಬೀಳಿಸಿದನೋ ಏನೋ ಎಂದೆ.

"ಲೆಕ್ಕ ಸರಿ ಇದೆ ಸರ್" ಎಂದರು ಅಜ್ಜ. "ಒಂದು ಕುರ್ಚಿಯ ವಾಂಟೊ."