ಆರೂವರೆ ಲೀಟರ್ ಡೀಸೆಲ್ ಎಲ್ಲಿ ಹೋಯ್ತು?

ಅಣ್ಣಾ, ಡೀಸೆಲ್ ಕದ್ದ ಅನ್ನೋ ಮಾತನ್ನ ಅಷ್ಟು ಸಲೀಸಾಗಿ ಆಡಬೇಡಿ. ಬೇಲಿ ಈಚೆ ನಿಂತ್ಕೊಂಡು ನಿಮ್ಮ ಮನೆ ವ್ಯವಹಾರಕ್ಕೆ ಬಾಯಿ ಹಾಕ್ತಾ ಇದೀನಿ ಅನ್ಕೊಂಡ್ರೂ ಸರಿ, ಇದನ್ನ ಹೇಳ್ದೆ ಇರೋಕೆ ಆಗಲ್ಲ. ನಿಮ್ಮ ಲಾರಿ ಓಡಿಸೋ ಆ ಹುಡುಗ ಕಬ್ಬಿನ ಸೀಸನ್‌ನಲ್ಲಿ ಅಳಗಂಚಿ ಕಾರ್ಖಾನೆ ಮುಂದೆ ರಾತ್ರಿಯೆಲ್ಲ ಸಾಲಲ್ಲಿ ಕಾದು, ಬೆಳಗ್ಗೆ ಒಂದು ಟೀ ಕುಡಿದು ಮತ್ತೆ ಲೋಡಿಗೆ ಹೋಗ್ತಿದ್ದೋನು. ಅವನ ಮೈಲೇಜ್ ಲೆಕ್ಕ ಯಾವತ್ತಾದ್ರೂ ತಪ್ಪಿತ್ತಾ? ಈಗ ತಪ್ಪೋಕೆ ಶುರುವಾಗಿದ್ದು ಯಾವಾಗ, ಸ್ವಲ್ಪ ನೆನಪು ಮಾಡ್ಕೊಳ್ಳಿ. ಯುಗಾದಿ ಆದ್ಮೇಲೆ ಟಯರ್ ಬದಲಾಯಿಸಿದ್ರಲ್ಲ, ಆಮೇಲೆ ತಾನೆ?

ಮೊದಲು ನಿಮ್ಮ ಲಾರೀಲಿ ಇದ್ದಿದ್ದು 9.00-20. ಈಗ ಹಾಕ್ಸಿರೋದು 10.00-20. ಹೊಸ 9.00-20 ಟಯರಿನ ಎತ್ತರ ಸುಮಾರು 1018 ಮಿಲಿಮೀಟರ್, 10.00-20ರದ್ದು ಸುಮಾರು 1052. ಕಂಪನಿಯಿಂದ ಕಂಪನಿಗೆ ಒಂಚೂರು ಹೆಚ್ಚುಕಮ್ಮಿ ಇರುತ್ತೆ. ಕಣ್ಣಿಗೆ ಇದೇನು ದೊಡ್ಡ ವ್ಯತ್ಯಾಸ ಅನ್ಸಲ್ಲ. ಆದ್ರೆ ಸುತ್ತಳತೇಲಿ ಹತ್ತಿರ ಹತ್ತಿರ 11 ಸೆಂಟಿಮೀಟರ್ ಜಾಸ್ತಿ ಆಯ್ತು. ಚಕ್ರ ಒಂದೊಂದು ಸುತ್ತು ಸುತ್ತಿದಾಗ್ಲೂ ಲಾರಿ ಮೊದಲಿಗಿಂತ ಅಷ್ಟು ಮುಂದೆ ಹೋಗುತ್ತೆ. ಮೀಟರಿಗೆ ರಸ್ತೆ ಕಾಣಲ್ಲ ಅಣ್ಣಾ, ಅದಕ್ಕೆ ಗೊತ್ತಿರೋದು ಸುತ್ತು ಮಾತ್ರ. ಅದು ಹಳೇ ಟಯರೇ ಇದೆ ಅನ್ಕೊಂಡು ಎಣಿಸ್ತಾ ಕೂತಿದೆ.

ಈಗ ನಿಮ್ಮ ಲೆಕ್ಕದ ಪುಸ್ತಕಕ್ಕೆ ಬನ್ನಿ. ಲಾರಿ ನಿಜವಾಗಿ 1000 ಕಿಲೋಮೀಟರ್ ಓಡಿದೆ, ಲೀಟರಿಗೆ 5ರಂತೆ 200 ಲೀಟರ್ ಕುಡಿದಿದೆ. ಮೀಟರು ತೋರಿಸೋದು 968. ನೀವು 968ನ್ನ 5ರಿಂದ ಭಾಗಿಸ್ತೀರಿ, 193 ಚಿಲ್ಲರೆ ಲೀಟರ್ ಬರುತ್ತೆ. ಉಳಿದ ಆರೂವರೆ ಲೀಟರ್ ಎಲ್ಲಿ ಅಂತ ಹುಡುಗನ್ನ ಕೇಳ್ತೀರಿ. ಅವನು ಏನಂತ ಹೇಳ್ಬೇಕು? ಡೀಸೆಲ್ ರಸ್ತೆ ಮೇಲೇ ಖರ್ಚಾಗಿದೆ, ಆ ರಸ್ತೆ ಮೀಟರಲ್ಲಿ ಇಲ್ಲ. ಇನ್ನೊಂದು ವಿಷಯ ಇದೆ. ನಿಮ್ಮ ಹಳೇ ಟಯರು, ಅದೂ ಹಿಂದಿನ ನಾಲ್ಕು, ಸವೆದು ಬೋಳಾಗಿತ್ತು. ಸವೆದಷ್ಟೂ ಚಕ್ರ ಚಿಕ್ಕದು, ಸುತ್ತು ಜಾಸ್ತಿ, ಮೀಟರು ಓಡದೇ ಇರೋ ಕಿಲೋಮೀಟರನ್ನೂ ಬರ್ಕೊಂಡಿರುತ್ತೆ. ಅಂದ್ರೆ ಲೀಟರಿಗೆ 5 ಕೊಡುತ್ತೆ ಅಂತ ನೀವು ನಂಬಿದ್ದ ಲೆಕ್ಕದಲ್ಲೇ ಸ್ವಲ್ಪ ಉಬ್ಬರ ಇತ್ತು. ಎರಡೂ ಸೇರಿದ್ರೆ ನೂರಕ್ಕೆ ಐದರ ಮೇಲೇ ಹೋಗ್ಬಹುದು. ದೊಡ್ಡ ಟಯರಿಗೆ ಏರಿನಲ್ಲಿ ಎಂಜಿನ್ನು ಒಂಚೂರು ತ್ರಾಸು ಪಡುತ್ತೆ, ಅದನ್ನಂತೂ ನಾನು ಲೆಕ್ಕಕ್ಕೇ ತಗೊಂಡಿಲ್ಲ.

ನರಸೀಪುರದ ನಿಮ್ಮ ಬಾಮೈದ ಕ್ರೌನ್ ಪಿನಿಯನ್ ಬದಲಾಯಿಸ್ತೀನಿ ಅಂತಿದ್ರಲ್ಲ, ಅವರಿಗೂ ಇದನ್ನ ಹೇಳ್ಬಿಡಿ. ಅಲ್ಲಿ ಆಗೋ ವ್ಯತ್ಯಾಸ ಇದಕ್ಕಿಂತ ತುಂಬಾ ದೊಡ್ಡದು. 41 ಹಲ್ಲಿನ ಕ್ರೌನಿಗೆ 6 ಹಲ್ಲಿನ ಪಿನಿಯನ್ ಇದ್ದಿದ್ದನ್ನ ತೆಗೆದು 41ಕ್ಕೆ 7 ಹಾಕ್ಸಿದ್ರೆ, ಮೀಟರು ನಿಜದ ಏಳರಲ್ಲಿ ಆರು ಪಾಲು ಮಾತ್ರ ತೋರಿಸುತ್ತೆ. ಯಾಕಂದ್ರೆ ಮೀಟರು ಸುತ್ತು ಎಣಿಸೋದು ಗೇರ್ ಬಾಕ್ಸಿನ ಹಿಂಬದೀಲಿ, ಕ್ರೌನ್ ಪಿನಿಯನ್ ಕೂತಿರೋ ಹೌಸಿಂಗ್ ಇರೋದು ಅದರ ಆಚೆ. ಮುಳ್ಳು 60ರಲ್ಲಿ ನಿಂತಿರುತ್ತೆ, ಲಾರಿ 70ರಲ್ಲಿ ಹೋಗ್ತಿರುತ್ತೆ. ನರಸೀಪುರದ ರಸ್ತೇಲಿ ಊರೊಳಗಿಂದ ಸೈಕಲ್ಲು, ಎತ್ತಿನ ಗಾಡಿ, ಸ್ಕೂಲ್ ಮಕ್ಕಳು ಅಡ್ಡ ಬರ್ತಾನೇ ಇರ್ತಾರೆ. ಡ್ರೈವರು ಬ್ರೇಕಿನ ಅಂದಾಜು ಹಾಕೋದು ಮುಳ್ಳು ನೋಡಿ. ಅವನ ಅಂದಾಜನ್ನೇ ನಾವು ಕೆಡಿಸಿ ಕೂತಿರ್ತೀವಿ.

ಸ್ಪೀಡ್ ಗವರ್ನರ್ ಇದೆ ಅಂತ ಧೈರ್ಯ ಬೇಡ. 2015ರ ಅಕ್ಟೋಬರ್ ನಂತರ ತಯಾರಾದ ಲಾರಿಗಳಿಗೆ 80ರ ಮಿತಿ, ಡಂಪರು, ಟ್ಯಾಂಕರಿಗೆ 60. ಆದ್ರೆ ಗೇರ್ ಬಾಕ್ಸಿನ ಅದೇ ಸೆನ್ಸರ್ ಮಾತನ್ನೇ ಗವರ್ನರೂ ಕೇಳೋ ಗಾಡೀಲಿ, ಪಿನಿಯನ್ ಬದಲಾದ್ರೆ 80 ಅಂತ ಹಿಡಿದು ನಿಲ್ಸೋ ಹೊತ್ತಿಗೆ ಲಾರಿ 93 ದಾಟಿರುತ್ತೆ. ಅಷ್ಟೇ ಅಲ್ಲ, ಕಂಪನಿ ಒಪ್ಪಿರೋ ಅಳತೆ ಬಿಟ್ಟು ಬೇರೆ ಹಾಕೋದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕೊಳ್ಳುತ್ತೆ. ನಿಮ್ಮ ಬಾಮೈದ ಮೊದಲು ಅದನ್ನ ವಿಚಾರಿಸಲಿ.

ಈಗ ಸರಿ ಮಾಡೋ ವಿಷಯ. ಮೀಟರ್ ರಿಪೇರಿಯೋರ ಹತ್ರ ತಗೊಂಡು ಹೋದ್ರೆ ಕೆಲವರು ಮುಳ್ಳನ್ನ ಕಿತ್ತು ಒಂದು ಗೀಟು ಮುಂದೆ ಕೂರಿಸಿ ಕೊಟ್ಬಿಡ್ತಾರೆ. ಅದನ್ನ ದಯವಿಟ್ಟು ಒಪ್ಕೋಬೇಡಿ. ನಿಮ್ಮದು ಕೇಬಲ್ ಮೀಟರು. 1902ರಲ್ಲಿ ಸ್ಟ್ರಾಸ್‌ಬರ್ಗಿನ ಓಟ್ಟೋ ಶುಲ್ಟ್ಸೆ ಪೇಟೆಂಟ್ ತಗೊಂಡ ತತ್ವವೇ ಇವತ್ತಿಗೂ ಅದರೊಳಗೆ ಇರೋದು. ಕೇಬಲ್ ತುದೀಲಿ ಅಯಸ್ಕಾಂತ ತಿರುಗುತ್ತೆ, ಪಕ್ಕದ ಲೋಹದ ಬಟ್ಟಲನ್ನ ಮುಟ್ಟದೇನೇ ಎಳೆಯುತ್ತೆ, ಸಣ್ಣ ಸ್ಪ್ರಿಂಗು ಅದನ್ನ ಹಿಂದಕ್ಕೆ ಹಿಡಿಯುತ್ತೆ. ಈ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತೋ ಅದು ವೇಗ. ಕಿಲೋಮೀಟರ್ ಅಂಕಿಗಳಿಗೆ ಆ ಅಯಸ್ಕಾಂತದ ಹಂಗಿಲ್ಲ, ಅವು ಅದೇ ಕೇಬಲಿಂದ ಹಲ್ಲುಚಕ್ರದ ಮೂಲಕ ನೇರವಾಗಿ ತಿರುಗ್ತವೆ. ಮುಳ್ಳು ಎಷ್ಟು ಸರಿಸಿದ್ರೂ ನಿಮ್ಮ 968 ಹಾಗೇ 968.

ಸರಿ ಮಾಡೋದಿದ್ರೆ ಗೇರ್ ಬಾಕ್ಸ್ ಹತ್ರಾನೇ ಮಾಡ್ಬೇಕು. ಅಲ್ಲಿ ಕೇಬಲನ್ನ ತಿರುಗಿಸೋ ಒಂದು ಪುಟ್ಟ ಗೇರ್ ಇರುತ್ತೆ, ಅದರ ಹಲ್ಲಿನ ಎಣಿಕೆ ಬದಲಾಯಿಸ್ಬೇಕು. ಆದ್ರೆ ಅದಕ್ಕೂ ಒಂದು ಮಿತಿ ಇದೆ. ಅದರಲ್ಲಿ 16 ಹಲ್ಲು ಇದೆ ಅಂತ ಇಟ್ಕೊಳ್ಳಿ. ಒಂದು ಹಲ್ಲು ಕಮ್ಮಿ ಮಾಡಿದ್ರೆ ನೂರಕ್ಕೆ ಆರೂ ಮುಕ್ಕಾಲರಷ್ಟು ಹೆಚ್ಚು ಸುತ್ತುತ್ತೆ. ನಿಮ್ಮ ತಪ್ಪು ನೂರಕ್ಕೆ ಮೂರೂ ಚಿಲ್ಲರೆ. ಈಗ ಕಮ್ಮಿ ತೋರಿಸೋದು ಆಗ ಅಷ್ಟೇ ಜಾಸ್ತಿ ತೋರಿಸುತ್ತೆ. ಹಾಗಾಗಿ ನಿಮ್ಮ ಗಾಡಿಗೆ ನನ್ನ ಮಾತು ಕೇಳೋದಾದ್ರೆ, ಗೇರ್ ಮುಟ್ಟಬೇಡಿ. ಮೀಟರ್ ಪಕ್ಕ ಒಂದು ಚೀಟಿ ಅಂಟಿಸಿ, ವೇಗದ್ದೊಂದು ಸಾಲು, ಕಿಲೋಮೀಟರಿಂದೊಂದು ಸಾಲು. ಬಾಮೈದನ ಹೊಸ ಗಾಡಿ ಎಲೆಕ್ಟ್ರಾನಿಕ್ ಮೀಟರಿನದು, ಅವರಿಗೆ ಸುಲಭ. ಸರ್ವಿಸ್ ಸೆಂಟರಲ್ಲಿ ಕಂಪ್ಯೂಟರ್ ಸಿಕ್ಕಿಸಿ ಹೊಸ ಅಳತೆ ತುಂಬಿಸ್ತಾರೆ. ಇದುವರೆಗೆ ಓಡಿರೋ ಅಂಕೀನ ಮಾತ್ರ ಯಾರೂ ಮುಟ್ಟಬಾರದು. ಅವತ್ತಿನ ರೀಡಿಂಗು, ತಾರೀಖು ಬಿಲ್ಲಿನಲ್ಲಿ ಬರೆಸ್ಕೊಳ್ಳಲಿ, ನಾಳೆ ಗಾಡಿ ಮಾರೋವಾಗ ಕೊಳ್ಳೋನಿಗೂ ನಂಬಿಕೆ ಬರುತ್ತೆ.

ಚೀಟೀಲಿ ಬರೆಯೋ ಅಂಕೀನ ನನ್ನ ಬಾಯಿಂದ ತಗೋಬೇಡಿ, ನೀವೇ ಅಳೆಯಿರಿ. ಲೋಡ್ ತುಂಬಿ, ಗಾಳಿ ಸರಿಯಾಗಿ ಹಿಡಿಸಿ, ಹಿಂದಿನ ಟಯರು ನೆಲ ಮುಟ್ಟೋ ಕಡೆ ಟಯರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಹತ್ತು ಸುತ್ತು ನೇರವಾಗಿ ಓಡಿಸಿ ಟೇಪು ಹಿಡೀರಿ. ಭಾರಕ್ಕೆ ಟಯರು ಅಮುಕಿಕೊಳ್ಳುತ್ತೆ, ಖಾಲಿ ಗಾಡೀಲಿ ಅಳೆದ್ರೆ ಸರಿಹೋಗಲ್ಲ. ಅದಕ್ಕಿಂತ ನೇರ ದಾರಿ ಅಂದ್ರೆ ಕಿಲೋಮೀಟರ್ ಕಲ್ಲು. ಕ್ಯಾಲಿಕಟ್ಟಿಂದ ಹೊರಟು ಗುಂಡ್ಲುಪೇಟೆ, ನಮ್ಮ ನಂಜನಗೂಡು, ಮೈಸೂರು, ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗೋದು ಒಂದೇ ಹೆದ್ದಾರಿ, 766. ಮೊದಲು 212 ಅಂತಿದ್ವಲ್ಲ, ಅದೇ. ನೀವು ಓಡಿಸೋ ದಾರಿಯೆಲ್ಲ ಹಳದಿ ತಲೆಯ ಕಲ್ಲು. ರಸ್ತೆ ಅಗಲ ಮಾಡುವಾಗ ಕೆಲವು ಕಲ್ಲು ಜಾಗ ಬಿಟ್ಟಿರ್ತವೆ, ಒಂದೆರಡು ನೋಡಿ ತೀರ್ಮಾನ ಬೇಡ. ಇಪ್ಪತ್ತು ಕಲ್ಲಿಗೆ ಮೀಟರು ಎಷ್ಟು ಓಡಿದೆ ಬರ್ಕೊಳ್ಳಿ, ಜೊತೆಗೆ ಮೊಬೈಲ್ ಜಿಪಿಎಸ್ ಏನು ಹೇಳುತ್ತೆ ನೋಡಿ. ಅದು ಟಯರನ್ನ ಕೇಳಲ್ಲ. ಮುಳ್ಳಿನ ವೇಗವನ್ನ ಬೇರೆಯಾಗೇ ನೋಡ್ಬೇಕು, ಯಾಕಂದ್ರೆ ಮೀಟರು ಯಾವತ್ತೂ ನಿಜಕ್ಕಿಂತ ಕಮ್ಮಿ ವೇಗ ತೋರಿಸ್ಬಾರದು ಅನ್ನೋ ನಿಯಮಕ್ಕೆ ತಕ್ಕಂತೆ ಮುಳ್ಳನ್ನ ಕಂಪನೀಲೇ ಒಂದಿಷ್ಟು ಜಾಸ್ತಿ ತೋರಿಸೋ ಹಾಗೆ ಕೂರಿಸಿರ್ತಾರೆ.

ನಾಳೆ ಗುಂಡ್ಲುಪೇಟೆಗೆ ಲೋಡ್ ಇದೆ ಅಂದ್ರಲ್ಲ, ಹುಡುಗನ ಪಕ್ಕ ನೀವೂ ಕೂತು ಹೋಗಿ ಅಣ್ಣಾ. ಕಲ್ಲು ಅವನು ಹೇಳಲಿ, ಅಂಕಿ ನೀವು ಬರ್ಕೊಳ್ಳಿ. ಲೆಕ್ಕ ಸರಿ ಬಂದ್ರೆ, ಹೋದ ತಿಂಗಳು ಅವನ ಸಂಬಳದಲ್ಲಿ ಮುರ್ಕೊಂಡ ದುಡ್ಡನ್ನ ಅಲ್ಲೇ ಅವನ ಕೈಗೆ ಕೊಟ್ಬಿಡಿ.