ಪೈಪ್ ಆರ್ಗನ್‌ನ ಕನ್ಸೋಲ್ ಮಹಾಶಯರ ಸನ್ನಿಧಿಗೆ

ಸೆಂಚುರಿ ಟೂ ಸಭಾಭವನ, ವಿಚಿಟಾ, ಕ್ಯಾನ್ಸಸ್

ಮಾನ್ಯರೇ,

ನಾಲ್ಕು ಸಾಲು ಕೀಲಿಮಣೆ, ಕುದುರೆಲಾಳದಂತೆ ಬಾಗಿದ ಬಣ್ಣಬಣ್ಣದ ಸ್ಟಾಪ್ ಪಟ್ಟಿಗಳು! ಇಷ್ಟು ವೈಭವವಿದ್ದೂ ತಮ್ಮಿಂದ ಒಂದು ಪಿಸುಮಾತಿನಷ್ಟೂ ಸದ್ದು ಹೊರಡುವುದಿಲ್ಲ ಎಂಬುದು ಚಪ್ಪಾಳೆ ತಟ್ಟುವವರಿಗೆ ಗೊತ್ತಿಲ್ಲದಿರುವುದೇ ಒಳ್ಳೆಯದು.

ನುಡಿಯುವವರು ಜಾಲರಿಯ ಹಿಂದಿನ ಕತ್ತಲಕೋಣೆಗಳಲ್ಲಿದ್ದಾರೆ. 36 ಶ್ರೇಣಿಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಕೊಳವೆಗಳು, ಜೊತೆಗೆ ಡ್ರಮ್, ತಾಳ, ಕ್ಸೈಲೋಫೋನ್. ಅವರು ಗರ್ಭಗುಡಿಯ ಮೂಲವಿಗ್ರಹ. ತಾವು ಬೀದಿಗಿಳಿಯುವ ಉತ್ಸವಮೂರ್ತಿ. ಹಾರ ಯಾರ ಕೊರಳಿಗೆ ಬೀಳುತ್ತದೆಂದು ಹೇಳಬೇಕಿಲ್ಲ.

ಈ ಭಾಗ್ಯಕ್ಕೆ ತಾವು ರಾಬರ್ಟ್ ಹೋಪ್-ಜೋನ್ಸ್‌ಗೆ ಋಣಿ. ಇಂಗ್ಲೆಂಡಿನ ಆ ಟೆಲಿಫೋನ್ ಎಂಜಿನಿಯರ್ ಆರ್ಗನ್‌ಗೆ ವಿದ್ಯುತ್ ತಂತಿ ಎಳೆಯುವ ಹಟಕ್ಕೆ ಬಿದ್ದರು. ಕೀಲಿಗೂ ಕೊಳವೆಗೂ ನಡುವೆ ಮರದ ಸಲಾಕೆಗಳ ಬದಲು ಕೇಬಲ್ ಬಂದ ಮೇಲೆ, ನುಡಿಸುವವರ ಮೇಜನ್ನು ಎಲ್ಲಿ ಬೇಕಾದರೂ ಇಡಬಹುದಾಯಿತು, ಲಿಫ್ಟ್‌ನಲ್ಲಿ ಮೇಲೇರಿಸಬಹುದಾಯಿತು. 1910ರಲ್ಲಿ ವುರ್ಲಿಟ್ಜರ್ ಕಂಪನಿ ಅವರ ಕಸುಬನ್ನೂ ಪೇಟೆಂಟ್‌ಗಳನ್ನೂ ಕೊಂಡಿತು; ಮನುಷ್ಯನ ಗತಿ ಬೇರೆಯಾಯಿತು. 1914ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಹೆಸರಿಗೆ ಚಪ್ಪಾಳೆ ಕೇಳಿದ ನೆನಪು ನನಗಿಲ್ಲ.

ಅದೇ ವುರ್ಲಿಟ್ಜರ್ ಕಟ್ಟಿದ ತಮ್ಮ ಪೂರ್ವಿಕರು 1926ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಪಟ್ಟಕ್ಕೇರಿದರು. ಮೂಕಿಚಿತ್ರಗಳಿಗೆ ದನಿ ಕೊಡಲು ಇಷ್ಟು ದೊಡ್ಡ ವಾದ್ಯ ಕಟ್ಟಿದ್ದೇ ತಡ, ಮರುವರ್ಷ 'ದಿ ಜಾಝ್ ಸಿಂಗರ್' ಬಂದು ಸಿನಿಮಾ ತಾನೇ ಬಾಯಿಬಿಟ್ಟಿತು. ಆದರೂ ಆರ್ಗನ್ ವಾದಕ ಜೆಸ್ಸಿ ಕ್ರಾಫರ್ಡ್ ನುಡಿಸುತ್ತಾರೆಂದರೆ ಜನ ಮುಗಿಬೀಳುತ್ತಿದ್ದರು. ಸಾಲದೆಂದು ಅವರ ಪತ್ನಿ ಹೆಲೆನ್‌ಗಾಗಿ ಇನ್ನೊಂದು ಕನ್ಸೋಲ್ ಬಂತು. ಕೊಳವೆಗಳು ಅವವೇ, ಯಜಮಾನರು ಮಾತ್ರ ಇಬ್ಬರು. ಸರ್ಕಾರಿ ಕಚೇರಿ ಕಂಡವರಿಗೆ ಇದು ಹೊಸದೇನಲ್ಲ.

1964ರಲ್ಲಿ ಚಿತ್ರಮಂದಿರ ಮುಚ್ಚಿತು, ವಾದ್ಯವನ್ನು ಬಿಚ್ಚಿ ಸಾಗಿಸಿದರು. ವಿಚಿಟಾದಲ್ಲಿ ಮತ್ತೆ ನುಡಿಯುವ ಮೊದಲೇ ಮೂಲ ಕನ್ಸೋಲ್ ಬೆಂಕಿಗೆ ಆಹುತಿಯಾಯಿತು. ಆಗ ಅದರ ಅಚ್ಚಿನಂತೆ ಹುಟ್ಟಿದವರು ತಾವು. 1972ರಲ್ಲಿ ಆರ್ಗನ್ ವಾದಕ ಬಿಲ್ಲಿ ನ್ಯಾಲ್ ತಮ್ಮೆದುರು ಕೂತು ನುಡಿಸಿದಾಗ ಸಭೆ ಪ್ಯಾರಮೌಂಟ್‌ನ ವಾದ್ಯವನ್ನೇ ಕೇಳಿತು, ನ್ಯಾಯವಾಗಿಯೇ ಕೇಳಿತು. 1962ರಲ್ಲೇ ತೀರಿಕೊಂಡಿದ್ದ ಕ್ರಾಫರ್ಡ್ ತಮ್ಮನ್ನು ಮುಟ್ಟಿದ್ದೇ ಇಲ್ಲ. ತಾವು ಹೊಸಬರೆಂದು 32 ಅಡಿಯ ಡಯಾಫೋನ್ ಕೊಳವೆ ಮುನಿಸಿಕೊಂಡು ಕೂರಲಿಲ್ಲ. ಸಿಂಹಾಸನ ಸುಟ್ಟರೂ ದನಿ ಉಳಿಯಿತು ಎಂಬುದನ್ನು ತಾವು ಯಾರಿಗೂ ಹೇಳಲಾರಿರಿ ಬಿಡಿ, ಸ್ಥಾನಮಾನದ ಪ್ರಶ್ನೆ.

ಒಂದೇ ಅರಿಕೆ. ಮುಂದಿನ ಸಂಗೀತ ಕಚೇರಿಯಲ್ಲಿ ಐದು ನಿಮಿಷ ಗಾಳಿ ಊದುವ ಬ್ಲೋವರ್ ನಿಲ್ಲಿಸಿ, ತಾವೊಬ್ಬರೇ ಒಂದು ಹಾಡು ನುಡಿಸಬೇಕು. ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಇಂತಿ ತಮ್ಮ ವಿಧೇಯ,
ಜಾಲರಿಯ ಕಡೆಗೆ ಕಿವಿಯಿಟ್ಟ ಒಬ್ಬ ಕೇಳುಗ